ಕಿಂಗ್ ಅವರಿಗೆ ಕೋಣೆ ಸಿಗದ ಊರು

ಬಾಸ್ಟನ್ ವಿಶ್ವವಿದ್ಯಾಲಯದ ಮಾರ್ಷ್ ಚಾಪೆಲ್ ಮುಂದಿನ ಅಂಗಳದಲ್ಲಿ ಉಕ್ಕಿನ 50 ಪಾರಿವಾಳಗಳು ಒಟ್ಟಿಗೆ ಮೇಲೇಳುತ್ತಿವೆ. ಅಮೆರಿಕದ ರಾಜ್ಯಕ್ಕೊಂದರಂತೆ ಒಂದು ಹಕ್ಕಿ. ಸ್ವಲ್ಪ ದೂರ ನಿಂತರೆ ಎಲ್ಲ ಸೇರಿ ಒಂದೇ ದೊಡ್ಡ ಹಕ್ಕಿಯಾಗುತ್ತವೆ. ಮಾರ್ಟಿನ್ ಲೂಥರ್ ಕಿಂಗ್ ನೆನಪಿಗೆ ಚಿಲಿ ದೇಶದ ಶಿಲ್ಪಿ ಸರ್ಜಿಯೋ ಕಾಸ್ತಿಯೋ 1975ರಲ್ಲಿ ಮಾಡಿದ ಶಿಲ್ಪ ಇದು. ಅದೇ ಅಂಗಳದ ನೆಲಹಾಸಿನಲ್ಲಿ ವಿಶ್ವವಿದ್ಯಾಲಯದ ಲಾಂಛನ ಇದೆ. ಅದನ್ನು ತುಳಿದವರಿಗೆ ಹೊತ್ತಿಗೆ ಸರಿಯಾಗಿ ಪದವಿ ಸಿಗುವುದಿಲ್ಲ ಎಂಬ ನಂಬಿಕೆ ವಿದ್ಯಾರ್ಥಿಗಳಲ್ಲಿದೆ. ಹಾಗಾಗಿ ನೆಲ ನೋಡಿಕೊಂಡು, ಲಾಂಛನವನ್ನು ಬಳಸಿಕೊಂಡು ಹೋಗುತ್ತಾರೆ. ಕತ್ತೆತ್ತಿ ಹಕ್ಕಿಗಳನ್ನು ನೋಡುವವರು ಕಡಿಮೆ. ದಿನವೂ ಎದುರಿಗಿರುವ ಸ್ಮಾರಕ ಕಣ್ಣಿಗೆ ಬೀಳದೆ ಹೋಗುವುದು ಹೇಗೆ?

*

ಕಿಂಗ್ ಇಲ್ಲಿಗೆ ಬಂದದ್ದು 1951ರಲ್ಲಿ, ದೇವತಾಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡಲು. ಆಗ ಅವರಿಗೆ 22 ವರ್ಷ. ಬಾಡಿಗೆಗೆ ಕೋಣೆ ಇದೆ ಎಂಬ ಬೋರ್ಡು ನೋಡಿ ಬಾಗಿಲು ತಟ್ಟುತ್ತಿದ್ದರು. ತಟ್ಟಿದವರು ಕಪ್ಪು ಜನ ಎಂದು ಗೊತ್ತಾದ ತಕ್ಷಣ, ಕೋಣೆ ಈಗಷ್ಟೇ ಹೋಯಿತು ಎಂಬ ಉತ್ತರ. ಮುಂದೆ ಅವರೇ ಇದನ್ನು ನೆನೆದು ಹೇಳಿದ್ದಾರೆ. ಮನೆ ತೋರಿಸುವ ಮೊದಲು 'ನೀವು ಯಾವ ಜನ?' ಎಂದು ಕೇಳುವ ಊರುಗಳಿಂದ ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವರು ಕೆಲಕಾಲ ಇದ್ದ ಮ್ಯಾಸಚೂಸೆಟ್ಸ್ ಅವೆನ್ಯೂದ 397ನೇ ಮನೆಗೆ ಈಗ ಫಲಕ ಹಾಕಿದ್ದಾರೆ. ಕೋಣೆ ಇಲ್ಲ ಎಂದ ಮನೆಗಳಿಗೆ ಫಲಕ ಇಲ್ಲ. ಇರಬೇಕಿತ್ತೇನೋ ಎಂದು ಆ ಬೀದಿಯಲ್ಲಿ ನಡೆಯುವಾಗೆಲ್ಲ ಅನ್ನಿಸುತ್ತದೆ.

*

ಕೊರೆಟಾ ಸ್ಕಾಟ್ ಕೂಡ ಇದೇ ಊರಿನಲ್ಲಿದ್ದವರು. ಅಲಬಾಮಾದಿಂದ ಬಂದು ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಯಲ್ಲಿ ಸಂಗೀತ ಕಲಿಯುತ್ತಿದ್ದರು. ಶ್ರೀಮಂತರ ಬೀಕನ್ ಹಿಲ್‌ನ ಒಂದು ಮನೆಯಲ್ಲಿ ಕಸ ಗುಡಿಸಿ, ನೆಲ ಒರೆಸಿ, ಅದರ ಬದಲಿಗೆ ಇರಲು ಜಾಗ ಪಡೆದಿದ್ದರು. 1952ರಲ್ಲಿ ಇಬ್ಬರ ಪರಿಚಯವಾಯಿತು, ಮರುವರ್ಷ ಮದುವೆ. ಕೊರೆಟಾ ಅವರ ಹಾಡಿನ ಓದು, ಆ ಮನೆಗೆಲಸ ಇವೆಲ್ಲ ಜನವರಿಯಲ್ಲಿ ಬರುವ ಕಿಂಗ್ ದಿನದ ಭಾಷಣಗಳಲ್ಲಿ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತವೆ. ನನಗೆ ಅದು ಸಾಲದು.

*

ಹೊವರ್ಡ್ ಥರ್ಮನ್ ಬಗ್ಗೆ ಇನ್ನಷ್ಟು ಓದಬೇಕು. 1953ರಿಂದ 1965ರವರೆಗೆ ಮಾರ್ಷ್ ಚಾಪೆಲ್‌ನ ಡೀನ್. ಬಿಳಿಯರೇ ಹೆಚ್ಚಿದ್ದ ವಿಶ್ವವಿದ್ಯಾಲಯವೊಂದರಲ್ಲಿ ಕಪ್ಪು ಜನಾಂಗದವರೊಬ್ಬರು ಆ ಸ್ಥಾನಕ್ಕೆ ಬಂದದ್ದು ಅದೇ ಮೊದಲು. ಅದಕ್ಕೂ ಮುಂಚೆ, 1936ರಲ್ಲಿ, ಹೆಂಡತಿ ಸೂ ಬೇಲಿ ಥರ್ಮನ್ ಜೊತೆ ಬಾರ್ಡೋಲಿಯಲ್ಲಿ ಗಾಂಧೀಜಿಯನ್ನು ಭೇಟಿಯಾಗಿದ್ದರು. ಅಹಿಂಸೆಯ ಕಲಬೆರಕೆಯಿಲ್ಲದ ಸಂದೇಶ ಜಗತ್ತಿಗೆ ಮುಟ್ಟುವುದು ಬಹುಶಃ ಅಮೆರಿಕದ ಕಪ್ಪು ಜನರ ಮೂಲಕವೇ ಇರಬಹುದು ಎಂದು ಗಾಂಧೀಜಿ ಅವರಿಗೆ ಹೇಳಿ ಕಳಿಸಿದರು. ಆಗ ಕಿಂಗ್ ಏಳು ವರ್ಷದ ಹುಡುಗ. ಬಾಸ್ಟನ್‌ಗೆ ಬಂದ ಮೇಲೆ ಥರ್ಮನ್ ಮನೆಗೆ ಹೋಗಿ ಟಿ.ವಿ.ಯಲ್ಲಿ ಬೇಸ್‌ಬಾಲ್ ನೋಡುತ್ತಿದ್ದರಂತೆ. ಬಾರ್ಡೋಲಿಯ ಮಾತು ಆ ಟಿ.ವಿ. ಮುಂದೆ ಎಂದಾದರೂ ಬಂದಿತ್ತೇ?

*

ಕಾಗದಪತ್ರಗಳ ಕಥೆ ನನ್ನನ್ನು ಬಹಳ ಕಾಡುತ್ತದೆ. 1956ರಲ್ಲಿ ಅಲಬಾಮಾದ ಮಾಂಟ್‌ಗೊಮೆರಿಯ ಕಿಂಗ್ ಮನೆಗೆ ಬಾಂಬ್ ಎಸೆದಿದ್ದರು. ಮನೆ ಹೋದರೆ ಕಾಗದಗಳೂ ಹೋದಂತೆ. 1964ರ ಜುಲೈನಲ್ಲಿ ಕಿಂಗ್ ತಾವು ಓದಿದ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದರು: ಕಾಗದಗಳು ನಿಮ್ಮಲ್ಲಿರಲಿ, ನಾನು ತೀರಿಕೊಂಡರೆ ಅವು ವಿಶ್ವವಿದ್ಯಾಲಯದ ಸ್ವತ್ತಾಗಲಿ ಎಂಬ ಅರ್ಥದ ಪತ್ರ. ಹೀಗೆ 80,000ಕ್ಕೂ ಹೆಚ್ಚು ಹಾಳೆಗಳು ಬಂದವು.

ಗಂಡನ ಕೊಲೆಯಾದ ಮೇಲೆ ಕೊರೆಟಾ ಅಟ್ಲಾಂಟಾದಲ್ಲಿ ಕಿಂಗ್ ಕೇಂದ್ರ ಕಟ್ಟಿದರು. ಕಾಗದಗಳು ದಕ್ಷಿಣಕ್ಕೆ ಬರಬೇಕೆಂಬುದೇ ಗಂಡನ ಕೊನೆಗಾಲದ ಮನಸ್ಸಾಗಿತ್ತು ಎಂದು 1987ರಲ್ಲಿ ದಾವೆ ಹೂಡಿದರು. 1993ರಲ್ಲಿ ಜ್ಯೂರಿ ವಿಶ್ವವಿದ್ಯಾಲಯದ ಪರ ತೀರ್ಪು ಕೊಟ್ಟಿತು. 1995ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಅತ್ಯುನ್ನತ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು.

ಕಾನೂನು ನನಗೆ ಅರ್ಥವಾಗುತ್ತದೆ: ಪತ್ರವಿದೆ, ಸಹಿ ಇದೆ. ಅರ್ಥವಾಗದ್ದು ಬೇರೆ. ಗೆದ್ದ ವಿಶ್ವವಿದ್ಯಾಲಯ ಪ್ರತಿ ಜನವರಿಯಲ್ಲೂ ಕಿಂಗ್ ಹೆಸರಿನಲ್ಲಿ ಸಭೆ ಸೇರಿಸುತ್ತದೆ. ಸೋತ ಹೆಂಡತಿಯ ಹೆಸರನ್ನೂ ಅದೇ ವೇದಿಕೆಯಲ್ಲಿ ಗೌರವದಿಂದ ತೆಗೆದುಕೊಳ್ಳಬೇಕು. ಎರಡೂ ಒಂದೇ ಮನಸ್ಸಿನಲ್ಲಿ ಹೇಗೆ ಕೂರುತ್ತವೆ?

*

ಅದೇ ವಿಶ್ವವಿದ್ಯಾಲಯದ ಇನ್ನೊಂದು ನಡೆಯನ್ನು ಮಾತ್ರ ನಾನು ಮನಸಾರೆ ಮೆಚ್ಚುತ್ತೇನೆ. ಕಿಂಗ್ ಬರಹಗಳನ್ನು ಸಂಪಾದಿಸುವ ಯೋಜನೆ 1985ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಶುರುವಾಯಿತು. ಅದರ ಹೊಣೆಯನ್ನು ಇತಿಹಾಸಕಾರ ಕ್ಲೇಬೋರ್ನ್ ಕಾರ್ಸನ್ ಅವರಿಗೆ ವಹಿಸಿದ್ದು ಸ್ವತಃ ಕೊರೆಟಾ. ಕಿಂಗ್ ಅವರ 1955ರ ಪಿಎಚ್‌.ಡಿ. ಪ್ರಬಂಧದಲ್ಲಿ ಬೇರೆಯವರ ಬರಹದ ಭಾಗಗಳು ಸರಿಯಾದ ಉಲ್ಲೇಖವಿಲ್ಲದೆ ಸೇರಿವೆ ಎಂದು ಕಂಡುಕೊಂಡದ್ದು ಈ ಯೋಜನೆಯವರೇ. 1991ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ವಿದ್ವಾಂಸರ ಸಮಿತಿ ಅದನ್ನು ಪರಿಶೀಲಿಸಿ ನಿಜವೆಂದು ಒಪ್ಪಿತು. ಪದವಿಯನ್ನು ಹಿಂತೆಗೆದುಕೊಳ್ಳುವುದರಿಂದ ಪ್ರಯೋಜನವಿಲ್ಲ ಎಂದಿತು. ಗ್ರಂಥಾಲಯದ ಪ್ರತಿಗೆ ಈ ಸಂಗತಿ ತಿಳಿಸುವ ಒಂದು ಪತ್ರ ಲಗತ್ತಿಸಬೇಕು ಎಂದು ಹೇಳಿತು.

ಪ್ರಬಂಧವನ್ನು ಬಚ್ಚಿಡಲಿಲ್ಲ, ಹರಿದು ಎಸೆಯಲೂ ಇಲ್ಲ. ಓದಲು ಬಂದವರ ಕೈಗೆ ಪ್ರಬಂಧವೂ ಸಿಗುತ್ತದೆ, ಪತ್ರವೂ ಸಿಗುತ್ತದೆ. ನಮ್ಮಲ್ಲಿ ದೊಡ್ಡವರ ತಪ್ಪು ಹೇಳಿದರೆ ಅವರ ಶತ್ರು ಎನ್ನುತ್ತಾರೆ. ಹೇಳದೆ ಇದ್ದರೆ ಭಕ್ತ ಎನ್ನುತ್ತಾರೆ. ಆ ಪತ್ರ ಎರಡೂ ಅಲ್ಲ. ನಾನು ಕಂಡ ಕಿಂಗ್ ಸ್ಮಾರಕಗಳಲ್ಲಿ ಅದಕ್ಕೆ ಹೆಚ್ಚಿನ ಜಾಗ ಕೊಡುತ್ತೇನೆ.

*

ಬಾಸ್ಟನ್ ಕಾಮನ್ ಉದ್ಯಾನದಲ್ಲಿ 2023ರ ಜನವರಿಯಲ್ಲಿ ಅನಾವರಣಗೊಂಡ 'ದಿ ಎಂಬ್ರೇಸ್': ಸುಮಾರು 20 ಅಡಿ ಎತ್ತರದ ಕಂಚಿನ ಶಿಲ್ಪ. ನೊಬೆಲ್ ಸುದ್ದಿ ಬಂದಾಗ ಕಿಂಗ್ ಮತ್ತು ಕೊರೆಟಾ ಅಪ್ಪಿಕೊಂಡ ಫೋಟೊ ಇದಕ್ಕೆ ಆಧಾರ. ಶಿಲ್ಪಿ ಹ್ಯಾಂಕ್ ವಿಲ್ಲಿಸ್ ಥಾಮಸ್ ಮುಖಗಳನ್ನು ಬಿಟ್ಟು ತೋಳುಗಳನ್ನಷ್ಟೇ ಉಳಿಸಿಕೊಂಡರು. ತಲೆ ಎಲ್ಲಿ ಎಂದು ಊರೆಲ್ಲ ಗಲಾಟೆ. ಒಳಗೆ ಹೋಗಿ ನಿಂತರೆ ತೋಳುಗಳ ನಡುವೆ ನಾವೇ ಇರುತ್ತೇವೆ. ಆ ಗಲಾಟೆ ಅಲ್ಲಿಗೆ ನಿಲ್ಲುತ್ತದೆ. ನನ್ನ ಮಟ್ಟಿಗೆ ಶಿಲ್ಪಿ ಗೆದ್ದಿದ್ದಾರೆ. ಶಿಲ್ಪದ ಸುತ್ತಲಿನ ಕಟ್ಟೆಯ ಹೆಸರು '1965 ಫ್ರೀಡಂ ಪ್ಲಾಜಾ'. ಹೋರಾಡಿದ ಸ್ಥಳೀಯರ ಹೆಸರುಗಳನ್ನು ಅಲ್ಲಿ ಕೆತ್ತಿದ್ದಾರೆ.

*

1965 ಏಕೆ? ಇದೇ ನನ್ನ ಮುಖ್ಯ ಪ್ರಶ್ನೆ.

ಆ ವರ್ಷ ಏಪ್ರಿಲ್ 22ರಂದು ಕಿಂಗ್ ಮ್ಯಾಸಚೂಸೆಟ್ಸ್ ಶಾಸನಸಭೆಯಲ್ಲಿ ಮಾತಾಡಿದರು. ಮರುದಿನ ರಾಕ್ಸ್‌ಬರಿ ಕಡೆಯಿಂದ ಇದೇ ಕಾಮನ್‌ವರೆಗೆ ಮೆರವಣಿಗೆ ನಡೆಸಿದರು. ಸುಮಾರು 22,000 ಜನ. ಪ್ರತಿಭಟನೆ ಅಲಬಾಮಾದ ವಿರುದ್ಧ ಅಲ್ಲ, ಬಾಸ್ಟನ್‌ನ ಶಾಲೆಗಳ ವಿರುದ್ಧ. ಕಪ್ಪು ಮಕ್ಕಳನ್ನು ಹಳೆಯ, ಕಿಕ್ಕಿರಿದ ಶಾಲೆಗಳಲ್ಲಿ ಬೇರೆಯಾಗಿ ಇಟ್ಟಿದ್ದರು. ಹಾಗೇನೂ ಇಲ್ಲ ಎಂದು ಊರಿನ ಶಾಲಾ ಸಮಿತಿ ವಾದಿಸುತ್ತಿತ್ತು. ಆಗಸ್ಟ್‌ನಲ್ಲಿ ಈ ಬೇರ್ಪಡಿಕೆಯ ವಿರುದ್ಧ ರಾಜ್ಯ ಕಾಯಿದೆ ತಂದಿತು, ಸಮಿತಿ ಜಗ್ಗಲಿಲ್ಲ. 1974ರಲ್ಲಿ, ಮಕ್ಕಳನ್ನು ಬಸ್ಸಿನಲ್ಲಿ ಕಳಿಸಿ ಶಾಲೆಗಳನ್ನು ಬೆರೆಸಿ ಎಂದು ನ್ಯಾಯಾಧೀಶ ಗ್ಯಾರಿಟಿ ಆದೇಶ ಕೊಡಬೇಕಾಯಿತು. ಆ ಸೆಪ್ಟೆಂಬರಿನಲ್ಲಿ ಸೌತ್ ಬಾಸ್ಟನ್‌ನಲ್ಲಿ ಕಪ್ಪು ಮಕ್ಕಳಿದ್ದ ಬಸ್ಸುಗಳ ಮೇಲೆ ಕಲ್ಲು ತೂರಿದರು. ಕಿಂಗ್ ಸತ್ತು ಆಗ ಆರು ವರ್ಷವಾಗಿತ್ತು.

ಜನವರಿಯ ಮೂರನೆಯ ಸೋಮವಾರ, ಕಿಂಗ್ ದಿನದಂದು, ಇಲ್ಲಿ ಯಾರನ್ನು ಕೇಳಿದರೂ ಬರ್ಮಿಂಗ್‌ಹ್ಯಾಮ್, ಸೆಲ್ಮಾ ಎಂದು ದಕ್ಷಿಣದ ಊರುಗಳ ಹೆಸರು ಹೇಳುತ್ತಾರೆ. ತಮ್ಮ ಊರಿನ ಏಪ್ರಿಲ್ 23 ಅಷ್ಟು ಬೇಗ ನಾಲಿಗೆಗೆ ಬರುವುದಿಲ್ಲ. 1994ರ ಕಾಯಿದೆ ಈ ರಜೆಯನ್ನು ಸೇವೆಯ ದಿನವಾಗಿಯೂ ಮಾಡಿದೆ. ಜನ ದಿನಸಿ ಪೊಟ್ಟಣ ಕಟ್ಟುತ್ತಾರೆ, ಶಾಲೆಯ ಗೋಡೆಗೆ ಬಣ್ಣ ಬಳಿಯುತ್ತಾರೆ. ಆ ದುಡಿಮೆಯ ಬಗ್ಗೆ ನನಗೆ ಗೌರವವಿದೆ. ಆದರೆ ಆ ಶಾಲೆಗೆ ಯಾರ ಮಕ್ಕಳು ಬರುತ್ತಾರೆ, ಯಾರ ಮಕ್ಕಳು ಬರುವುದಿಲ್ಲ ಎಂದು ಕೇಳಲು ಕಿಂಗ್ ಏಪ್ರಿಲ್‌ನ ಆ ದಿನ ನಡೆದು ಬಂದದ್ದು.

*

1966ರಲ್ಲಿ 'ಮೆಟ್ಕೊ' ಎಂಬ ಯೋಜನೆ ಶುರುವಾಯಿತು. ಬಾಸ್ಟನ್‌ನ ಕಪ್ಪು ಮಕ್ಕಳನ್ನು ಬಸ್ಸಿನಲ್ಲಿ ಸುತ್ತಮುತ್ತಲ ಉಪನಗರಗಳ ಶಾಲೆಗಳಿಗೆ ಕರೆದೊಯ್ಯುವ ಏರ್ಪಾಡು. ಊರಿನ ಶಾಲೆಗಳು ಸರಿಹೋಗುವ ತನಕ, ತಾತ್ಕಾಲಿಕವಾಗಿ ಎಂದು ಕಟ್ಟಿದವರು ಅಂದುಕೊಂಡಿದ್ದರು. ಅದು ಇನ್ನೂ ನಡೆಯುತ್ತಿದೆ. ಕಿಂಗ್ ದಿನದ ಬೆಳಗಿನ ಉಪಾಹಾರ ಸಭೆಗೆ ಇಲ್ಲಿ ಮೇಯರ್, ಗವರ್ನರ್ ಎಲ್ಲರೂ ಬಂದು ಕೂರುತ್ತಾರೆ. ತಾತ್ಕಾಲಿಕವಾದದ್ದು ಇಷ್ಟು ದಶಕ ಏಕೆ ಬೇಕಾಯಿತು ಎಂದು ಅವರನ್ನು ಕೇಳುವುದಕ್ಕೆ ಬೇರೆ ಯಾವ ದಿನವೂ ನನಗೆ ತೋಚುತ್ತಿಲ್ಲ.