ಬಿಸಿಲನ್ನು ರಾತ್ರಿಗೂ ಉಳಿಸು, ತಮ್ಮಾ

ಸಿಂಧನೂರು



ಅಂಗಳದಲ್ಲಿ ಹೊಂಡ ಕಟ್ಟಿಸುತ್ತಿದ್ದೀ ಎಂದು ಕೇಳಿ ಬಹಳ ಖುಷಿಯಾಯಿತು. ಮಸ್ಕಿಯ ಹಳೇ ಮನೆ ಬಿಟ್ಟು ಲಿಂಗಸೂಗೂರಿಗೆ ಬಂದ ಮೇಲೆ ಅವ್ವನ ಕೈಗೆ ಕೆಲಸವೇ ಇಲ್ಲದಂತಾಗಿತ್ತು. ಈಗ ಫೋನ್ ಮಾಡಿದರೆ ಸಾಕು, ತಾವರೆ, ಮೀನು, ಇದೇ ಮಾತು. ಫಿಲ್ಟರಿನ ಮೋಟಾರು ಸೋಲಾರಿನಲ್ಲಿ ನಡೆಯಲಿ ಎಂದು ನೀನು ತೆಗೆದುಕೊಂಡ ತೀರ್ಮಾನವೂ ಸರಿಯಾದದ್ದೇ. ನಮ್ಮ ಸೀಮೆಯಲ್ಲಿ ಬಿಸಿಲಿಗೆಂದೂ ಬರವಿಲ್ಲ. ಆದರೆ ‘ಬ್ಯಾಟರಿ ಯಾಕೆ, ಹಗಲು ನಡೆದರೆ ಸಾಕು’ ಅಂದೆಯಲ್ಲ, ಅದು ನನ್ನ ಮನಸ್ಸಿಗೆ ಒಪ್ಪಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಇಲ್ಲಿ ಕಾಲುವೆ ನೀರಿನಲ್ಲಿ ಮೀನು ಸಾಕುವವರಿಗೆ ಬೆಳಗಿನ ಜಾವದ ಭಯ ಚೆನ್ನಾಗಿ ಗೊತ್ತು. ಹಗಲು ಪಾಚಿ, ನೀರಿನ ಗಿಡಗಳು ಬಿಸಿಲುಂಡು ಆಮ್ಲಜನಕ ಬಿಡುತ್ತವೆ. ಕತ್ತಲಾದ ಮೇಲೆ ಅವೂ ಮೀನಿನ ಜೊತೆ ಅದೇ ಆಮ್ಲಜನಕವನ್ನು ಉಸಿರಾಡುತ್ತವೆ. ಹೀಗೆ ರಾತ್ರಿಯಿಡೀ ಇಳಿಯುತ್ತಾ ಬಂದು, ಸೂರ್ಯ ಹುಟ್ಟುವ ಮುಂಚೆ ನೀರಲ್ಲಿ ಅದು ತೀರಾ ಕಡಿಮೆಯಾಗಿರುತ್ತದೆ. ಮೀನು ಬಾಯಿ ತೆರೆದು ಮೇಲೆ ಬಂದು ಒದ್ದಾಡುವುದು ಆಗಲೇ. ಅದರ ಮೇಲೆ ನಮ್ಮ ಬೇಸಿಗೆ ಬೇರೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯ ನೀರು ಹಿಡಿಯುವುದು ಏಳೂವರೆ ಮಾತ್ರ. ಅಂದರೆ ಹೊಂಡಕ್ಕೆ ಗಾಳಿ ಬೇಕಾದ ಹೊತ್ತಿನಲ್ಲೇ ನಿನ್ನ ಸೋಲಾರು ಮಲಗಿರುತ್ತದೆ.

ಫಿಲ್ಟರಿನ ಕಥೆಯೂ ಇದೇ. ನೀರು ಶುದ್ಧ ಮಾಡುವುದು ಬರೀ ಜಲ್ಲಿ, ಸ್ಪಂಜು ಅಲ್ಲ, ಅವುಗಳ ಮೈಮೇಲೆ ಬೆಳೆಯುವ ಬ್ಯಾಕ್ಟೀರಿಯಾ. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡಿದ ಮೇಲೆ ಗಿಡಗಳು ಉಣ್ಣುತ್ತವೆ. ಈ ಜೀವಿಗಳಿಗೂ ಉಸಿರು ಬೇಕು. ಗಾಳಿಯಿಲ್ಲದೆ ರಾತ್ರಿಯೆಲ್ಲ ಫಿಲ್ಟರಿನ ಡ್ರಮ್ಮಿನಲ್ಲಿ ನೀರು ನಿಂತರೆ ಅವು ಸಾಯತೊಡಗುತ್ತವೆ.

ಹಾಗಾಗಿ ಕೆಲಸ ಹಂಚಿಬಿಡು: ಹಗಲು ನೀರಿನ ಪಂಪು, ರಾತ್ರಿ ಗಾಳಿ ಪಂಪು. ನಿನ್ನ ಹೊಂಡ ಆರು ಅಡಿ ಉದ್ದ, ಐದು ಅಡಿ ಅಗಲ, ಎರಡೂವರೆ ಅಡಿ ಆಳ ಎಂದರೆ ಸುಮಾರು 2,100 ಲೀಟರು ನೀರು. 20 ವ್ಯಾಟಿನ ಡಿ.ಸಿ. ಪಂಪು ಹಗಲು ಎಂಟು ತಾಸು ನಡೆದರೆ 160 ವ್ಯಾಟ್-ಅವರ್. ರಾತ್ರಿ 14 ತಾಸು 5 ವ್ಯಾಟಿನ ಗಾಳಿ ಪಂಪಿಗೆ 70. ಎರಡೂ ಸೇರಿ 230. 100 ವ್ಯಾಟಿನ ಪ್ಯಾನೆಲ್ಲಿಗೆ ದಿನಕ್ಕೆ ಐದು ತಾಸಿನ ಪೂರ್ಣ ಬಿಸಿಲು ಸಿಕ್ಕರೆ, ಕಾವು, ಧೂಳು, ತಂತಿಯಲ್ಲಿ ಹೋಗುವುದನ್ನು ಕಳೆದರೂ 350ರ ಹತ್ತಿರ ಉಳಿಯುತ್ತದೆ. 12 ವೋಲ್ಟಿನ 20 ಆಂಪಿಯರ್-ಅವರ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸದೆಯೇ ಒಂದು ರಾತ್ರಿ ಆರಾಮವಾಗಿ ದಾಟುತ್ತೀ. ಗಾಳಿಯನ್ನು ಗುಳ್ಳೆಯಾಗಿ ಬಿಡುವ ಗಾಳಿಕಲ್ಲು ಎರಡಿರಲಿ, ಒಂದು ಹೊಂಡದಲ್ಲಿ, ಒಂದು ಡ್ರಮ್ಮಿನಲ್ಲಿ. ಎಲ್ಲವೂ 12 ವೋಲ್ಟಿನಲ್ಲೇ ನಡೆಯುವುದರಿಂದ ಒದ್ದೆ ಕೈಯಲ್ಲಿ ಓಡಾಡುವ ಅವ್ವನಿಗೂ ಭಯವಿಲ್ಲ. ಮೋಡ ಕವಿದ ದಿನ ಪಂಪು ಕಡಿಮೆ ನಡೆದರೆ ನಡೆಯಲಿ, ಗಾಳಿ ಮಾತ್ರ ನಿಲ್ಲದಿರಲಿ.

ಪ್ಯಾನೆಲ್ಲನ್ನು ದಕ್ಷಿಣಕ್ಕೆ ಮುಖ ಮಾಡಿ, ಸುಮಾರು 16 ಡಿಗ್ರಿ ಓರೆಯಾಗಿ ನಿಲ್ಲಿಸು. ನಮ್ಮೂರುಗಳ ಅಕ್ಷಾಂಶ ಅಷ್ಟೇ. ತಗಡಿಗೆ ಅಂಟಿಸಬೇಡ, ಹಿಂದೆ ಗಾಳಿಯಾಡಲಿ. 25 ಡಿಗ್ರಿಯ ಮೇಲೆ ಒಂದೊಂದು ಡಿಗ್ರಿ ಕಾದಾಗಲೂ ಅದರ ಶಕ್ತಿ ನೂರಕ್ಕೆ 0.4ರಷ್ಟು ಕುಗ್ಗುತ್ತದೆ. ಧೂಳನ್ನು ಬೆಳಿಗ್ಗೆ ತಂಪಿನಲ್ಲೇ ಒರೆಸು.

ಫಿಲ್ಟರಿಗೆ ಮುಂಚೆ ಹೂಳು ತಂಗುವುದಕ್ಕೆ ಒಂದು ಬೇರೆ ಡ್ರಮ್ಮು ಇಡು. ಹೂಳು ಏನು ಮಾಡುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಈಗ ಹಿಡಿಯುವುದು ಸುಮಾರು 105. ಹೋದ ನೀರಿನ ಲೆಕ್ಕ ಕಾಲುವೆಯ ಕೊನೆ ಭಾಗದ ರೈತರ ಹೊಲದಲ್ಲಿ ಕಾಣುತ್ತದೆ. ಅವರನ್ನು ನೆನೆಸಿಕೊಂಡರೆ, ಅಂದಕ್ಕೆಂದು ಹೊಂಡ ಮಾಡಿ ವಾರಕ್ಕೊಮ್ಮೆ ನೀರು ಚೆಲ್ಲಿ ಹೊಸದು ತುಂಬುವುದು ನನಗೆ ತಪ್ಪೆನಿಸುತ್ತದೆ. ಫಿಲ್ಟರು ಚೆನ್ನಾಗಿದ್ದರೆ ಆವಿಯಾದಷ್ಟು ತುಂಬಿದರೆ ಸಾಕು, ಆಗಾಗ ಸ್ವಲ್ಪ ನೀರು ಬದಲಿಸಬೇಕು, ಅಷ್ಟೇ. ಬದಲಿಸಿದ ನೀರನ್ನೂ ಡ್ರಮ್ಮಿನ ಹೂಳನ್ನೂ ಮಲ್ಲಿಗೆಗೆ, ನುಗ್ಗೆಗೆ, ಕರಿಬೇವಿಗೆ ಹಾಕಲು ಅವ್ವನಿಗೆ ಹೇಳು. ಬೇರೆ ಗೊಬ್ಬರವೇ ಬೇಡ. ಸ್ಪಂಜನ್ನು ನಳದ ನೀರಲ್ಲಿ ತೊಳೆಯಬೇಡ, ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯುತ್ತವೆ. ಹೊಂಡದ ನೀರನ್ನೇ ಬಕೆಟ್ಟಿಗೆ ತೆಗೆದು ಅದರಲ್ಲಿ ಹಿಂಡು. ಫಿಲ್ಟರಿನ ನೀರು ತಾವರೆಯ ಮೇಲೆ ಬೀಳದಿರಲಿ, ಅದಕ್ಕೆ ನಿಂತ ನೀರೇ ಇಷ್ಟ. ನೀರು ನಿಂತಲ್ಲಿ ಸೊಳ್ಳೆ ಮರಿಯಾಗದಂತೆ ಗಪ್ಪಿ ಮೀನು ನೋಡಿಕೊಳ್ಳುತ್ತವೆ.

ಅವಸರ ಮಾತ್ರ ಮಾಡಬೇಡ. ಹೊಸ ಸಿಮೆಂಟಿನ ಸುಣ್ಣ ಮೊದಲು ಇಳಿಯಲಿ. ಆಮೇಲೆ ನಾಲ್ಕೈದೇ ಗಪ್ಪಿ ಬಿಡು. ಫಿಲ್ಟರು ಹದಕ್ಕೆ ಬರಲು ನಾಲ್ಕರಿಂದ ಆರು ವಾರ ಬೇಕು, ಅಲ್ಲಿಯವರೆಗೆ ಹೆಚ್ಚಿನ ಮೀನು ಬೇಡ. ಅವ್ವ ದಿನಾ ಕೇಳುತ್ತಾಳೆ, ಸಮಾಧಾನ ಹೇಳು. ಬ್ಯಾಟರಿಯ ದುಡ್ಡು ನಾನು ಕಳಿಸುತ್ತೇನೆ, ಬೇಡ ಅನ್ನಬೇಡ. ಅವ್ವನ ಹೊಂಡದಲ್ಲಿ ಮಗಳದೂ ಒಂದು ಪಾಲಿರಲಿ.

ನಿನ್ನ ಅಕ್ಕ