ಚೋರು ಬೆಯ್ಚಾ?

ಗೂಡಲೂರಿನ ನಮ್ಮ ಅಂಗಡಿಗೆ ತಮಿಳರು, ಮಲಯಾಳಿಗಳು, ಬಡಗರು, ಗುಂಡ್ಲುಪೇಟೆ ಕಡೆಯ ಕನ್ನಡಿಗರು ಎಲ್ಲರೂ ಬರುತ್ತಾರೆ. ಉಪ್ಪ ಓದಿದ್ದು ನಾಲ್ಕನೇ ಕ್ಲಾಸು. ಆದರೂ ಮೊದಲು ಗಿರಾಕಿಯ ಭಾಷೆಯಲ್ಲಿ ಕ್ಷೇಮ ವಿಚಾರಿಸಿ, ಆಮೇಲೆ ರೇಟು ಹೇಳುತ್ತಾರೆ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದ ನನಗೆ ಅದು ಬರೀ ಅಂಗಡಿ ಮಾತು ಅನ್ನಿಸುತ್ತಿತ್ತು.

ಅದರ ಬೆಲೆ ತಿಳಿದದ್ದು ಚೀನಾದ ಗುವಾಂಗ್‌ಝೌನಲ್ಲಿ. ದುಬೈಯಲ್ಲಿ ನಾನಿದ್ದ ಕಂಪನಿ ಪಂಪಿನ ಬಿಡಿಭಾಗ ನೋಡಿ ಬರಲು ಅಲ್ಲಿಗೆ ಕಳಿಸುತ್ತಿತ್ತು. 1957ರಿಂದ ನಡೆಯುತ್ತಿರುವ ಕ್ಯಾಂಟನ್ ಮೇಳ ಆ ಊರಿನದೇ. ಸರಕಾರಿ ಭಾಷೆ ಮ್ಯಾಂಡರಿನ್ ಆದರೂ ಹಳೆಯ ವ್ಯಾಪಾರಿಗಳು ತಮ್ಮತಮ್ಮಲ್ಲಿ ಆಡುವುದು ಕ್ಯಾಂಟೊನೀಸ್. ನಾನು ಧನ್ಯವಾದಕ್ಕೆ 'ದೊ ಜೆ' ಅಂತ ಕಲಿತು ಹೋಗಿದ್ದೆ. ಸ್ಟೂಲು ಕೊಟ್ಟರೂ ದೊ ಜೆ, ಬಾಗಿಲು ತೆರೆದರೂ ದೊ ಜೆ. ಒಬ್ಬರು ಹಿರಿಯ ವ್ಯಾಪಾರಿ ನಕ್ಕು ತಿದ್ದಿದರು. ಉಡುಗೊರೆ ಕೊಟ್ಟರೆ, ಊಟ ಹಾಕಿಸಿದರೆ 'ದೊ ಜೆ'. ಸಣ್ಣ ಸಹಾಯಕ್ಕೆ 'ಮ್ ಗೊಯ್'. ಹೋಟೆಲಿನಲ್ಲಿ ಮಾಣಿಯನ್ನು ಕರೆಯಲಿಕ್ಕೂ, ದಾರಿ ಬಿಡಿ ಅನ್ನಲಿಕ್ಕೂ ಅದೇ ಮ್ ಗೊಯ್. 'ಪೆಂಗ್ ದೀ ಲಾ' ಅಂದರೆ ಸ್ವಲ್ಪ ಕಡಿಮೆ ಮಾಡಿ. ಕೊನೆಯ 'ಲಾ' ಬಿಟ್ಟರೆ ಮಾತು ಒರಟು, 'ಮಾರಾಯ್ರೆ' ಇಲ್ಲದ ನಮ್ಮ ಚೌಕಾಸಿಯ ಹಾಗೆ. ಕೆಲಸ ಮುಗಿದರೆ 'ಗಾವ್ ದಿಮ್'. ಹುರಿದುಂಬಿಸಲು 'ಗಾ ಯಾವ್', ಎಣ್ಣೆ ಹಾಕು ಅಂತ ಅರ್ಥ. ಮೆಕ್ಯಾನಿಕ್ ಮರೆಯುವ ಮಾತೇ ಅಲ್ಲ! ಆದರೆ ಧ್ವನಿಯ ಏರಿಳಿತವೇ ಆರು ಬಗೆ, ತಪ್ಪಿದರೆ ಅರ್ಥವೇ ಬೇರೆ.

ಒಂದು ಮಧ್ಯಾಹ್ನ ಅದೇ ಹಿರಿಯರು 'ಸಿಕ್ ಜೊ ಫಾನ್ ಮೇಯ್?' ಎಂದರು. ಊಟಕ್ಕೆ ಕರೆಯುತ್ತಿದ್ದಾರೆ ಅಂತ ಎದ್ದೇ ಬಿಟ್ಟೆ. ಅಲ್ಲ, ಅನ್ನ ಉಂಡಿರಾ ಅಂತ ಕ್ಷೇಮ ಸಮಾಚಾರ ಅಷ್ಟೆ. ನಮ್ಮ 'ಚೋರು ಬೆಯ್ಚಾ?'

ಆ ರಾತ್ರಿ ಮನೆಗೆ ಫೋನ್ ಮಾಡಿದಾಗ ಉಪ್ಪ ನನ್ನ ಆರು ವರ್ಷದ ಮಗಳನ್ನು ಅದನ್ನೇ ಕೇಳುವುದು ಕೇಳಿಸಿತು. ಅವಳು ತಾಯಿಯ ಕಡೆ ತಿರುಗಿ, "ತಾತಾ ಎನ್ನ ಸೊಲ್ರಾರು?" ಎಂದಳು. ನನ್ನ ಜೇಬಿನ ನೋಟ್‌ಬುಕ್ಕಿನಲ್ಲಿ ನಲವತ್ತು ಕ್ಯಾಂಟೊನೀಸ್ ಮಾತುಗಳಿದ್ದವು. ಅವಳಿಗೆ ನಾನು ನಾಲ್ಕು ಬ್ಯಾರಿ ಮಾತು ಕಲಿಸಿರಲಿಲ್ಲ.

ಗೂಡಲೂರಿನಿಂದ ಊಟಿಗೆ ಹೋಗುವ ದಾರಿಯಲ್ಲಿ ನಡುವಟ್ಟಂ ಇದೆ. 19ನೇ ಶತಮಾನದಲ್ಲಿ ಬ್ರಿಟಿಷರು ಅಲ್ಲಿಯ ಸಿಂಕೋನಾ ತೋಟಕ್ಕೆ ಚೀನೀ ಕೈದಿಗಳನ್ನು ತಂದಿದ್ದರು. ಕೆಲವರು ತಮಿಳು ಹೆಂಗಸರನ್ನು ಮದುವೆಯಾಗಿ ಅಲ್ಲೇ ನೆಲೆಸಿದರು. ಅವರ ಮಾತು ಇವತ್ತು ಆ ಬೆಟ್ಟದಲ್ಲಿ ಕೇಳಿಸುವುದಿಲ್ಲ.

ಈಗ ನಾನು ಊರಿಗೆ ವಾಪಸಾಗಿದ್ದೇನೆ. ಅದೇ ನೋಟ್‌ಬುಕ್ಕಿನ ಹಿಂಬದಿಯಿಂದ ದಿನಕ್ಕೊಂದು ಬ್ಯಾರಿ ಮಾತು. ಉಪ್ಪ ಹೇಳುತ್ತಾರೆ, ಕನ್ನಡ ಅಕ್ಷರ ಬಾರದ ಮಗಳು ತಮಿಳು ಅಕ್ಷರದಲ್ಲಿ ಬರೆದುಕೊಳ್ಳುತ್ತಾಳೆ. ಮೊದಲ ಸಾಲು ಯಾವುದೆಂದು ಹೇಳಬೇಕಿಲ್ಲ. ನಿಮ್ಮ ಮನೆಯಲ್ಲಿ ಮಕ್ಕಳು ಅದಕ್ಕೆ ಯಾವ ಭಾಷೆಯಲ್ಲಿ ಉತ್ತರ ಕೊಡುತ್ತಾರೆ?