ಪುಟ್ಟಿಯ ಮೂಗುಬೊಟ್ಟು

ಕಳೆದ ದಸರಾ ರಜೆಯ ಮೊದಲ ದಿನ ಎಚ್.ಡಿ. ಕೋಟೆಯಿಂದ ಫೋನು ಬಂತು.

"ತಾತ, ನಾನು ಮೂಗು ಚುಚ್ಚಿಸ್ಕೋತೀನಿ. ನೀವೇ ಕರ್ಕೊಂಡು ಹೋಗ್ಬೇಕು."

ಒಂಬತ್ತನೇ ತರಗತಿ ಓದುವ ಮೊಮ್ಮಗಳು. ಮನೆಯಲ್ಲಿ ಎಲ್ಲರಿಗೂ ಪುಟ್ಟಿ. ಅವಳ ಅಪ್ಪನಿಗೆ, ಅಂದರೆ ನನ್ನ ಮಗನಿಗೆ, ಸೂಜಿ ಕಂಡರೆ ತಲೆ ಸುತ್ತು. ಅಮ್ಮ ಆಸ್ಪತ್ರೆಯಲ್ಲಿ ನರ್ಸು, ಹಬ್ಬಕ್ಕೂ ರಜೆ ಸಿಗುವುದಿಲ್ಲ. ಉಳಿದವನು ಕೆ.ಆರ್. ನಗರದಲ್ಲಿ ಪಿಂಚಣಿ ತೆಗೆದುಕೊಂಡು ಕೂತಿರುವ ನಾನು.

ಮೂಗುಬೊಟ್ಟಿನ ಬಗ್ಗೆ ನನಗೇನೂ ಗೊತ್ತಿಲ್ಲ ಎನ್ನುವಂತಿಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕಿಗೆ ಸೇರಿದ ಮೇಲೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯಲ್ಲೇ ನನ್ನ ಸರ್ವೀಸು ಸವೆಯಿತು. ಹೆಚ್ಚು ಕಾಲ ಚಿನ್ನದ ಸಾಲದ ಮೇಜು. ಹೊಗೆಸೊಪ್ಪಿನ ನಾಟಿ ಸಮಯಕ್ಕೆ ಗೊಬ್ಬರಕ್ಕೆ, ಕೂಲಿಗೆ ದುಡ್ಡು ಬೇಕು. ರೈತರು ಹೆಂಡತಿಯರನ್ನು ಕರೆದುಕೊಂಡು ಬರುತ್ತಿದ್ದರು. ಆ ತಾಯಂದಿರು ಸರ ಬಿಚ್ಚಿಡುತ್ತಿದ್ದರು, ಓಲೆ, ಜುಮುಕಿ ಬಿಚ್ಚಿಡುತ್ತಿದ್ದರು. ಮೂಗುಬೊಟ್ಟನ್ನು ಮಾತ್ರ ಯಾರೂ ಬಿಚ್ಚುತ್ತಿರಲಿಲ್ಲ. ನಾವೂ ಕೇಳುತ್ತಿರಲಿಲ್ಲ. ಹರಳಿನ ತೂಕ ಕಳೆದರೆ ಅದರಲ್ಲಿ ಚಿನ್ನ ಎಷ್ಟು ಉಳಿದೀತು?

ಆಗೆಲ್ಲ ನನಗೆ ಪುರಂದರದಾಸರ ಕತೆ ನೆನಪಾಗುತ್ತಿತ್ತು. ದಾಸರಾಗುವ ಮೊದಲು ಅವರು ಶ್ರೀನಿವಾಸ ನಾಯಕ, ಮಹಾ ಜಿಪುಣ. ಹೆಂಡತಿ ಸರಸ್ವತಿಬಾಯಿ ಬಡ ಬ್ರಾಹ್ಮಣನಿಗೆ ತನ್ನ ಮೂಗುತಿಯನ್ನು ಬಿಚ್ಚಿ ದಾನ ಕೊಟ್ಟಳು. ಅವನು ಅದನ್ನು ಒಯ್ದು ನಾಯಕನ ಅಂಗಡಿಯಲ್ಲೇ ಅಡವಿಟ್ಟ. ನಾಯಕ ಅದನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದು ಮನೆಗೆ ಬಂದರೆ, ಮೂಗುತಿ ಮತ್ತೆ ಹೆಂಡತಿಯ ಕೈಯಲ್ಲಿ! ಲೋಕಕ್ಕೆ ಅದು ಭಕ್ತಿಯ ಕತೆ. ಗುಮಾಸ್ತನಾದ ನನಗೆ ಮಾತ್ರ, ನಮ್ಮ ಸ್ಟ್ರಾಂಗ್ ರೂಮಿನಿಂದ ಹೀಗೆ ಒಂದು ಒಡವೆ ಮಾಯವಾದರೆ ಆಡಿಟರಿಗೆ ಏನು ಹೇಳುವುದು ಎಂಬ ಚಿಂತೆ.

ಇರಲಿ. ಪುಟ್ಟಿ ಬರುವಾಗ ಸೊಸೆ ಒಂದು ಚೀಟಿ ಬರೆದು ಕಳಿಸಿದ್ದಳು. ಗನ್ನಿನಲ್ಲಿ ಹೊಡೆಸಬೇಡಿ, ಮೂಗಿಗೆ ಅದು ಆಗುವುದಿಲ್ಲ. ಸೂಜಿ ಹೊಸದಾಗಿರಬೇಕು, ಸೀಲನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು. ಒಬ್ಬರಿಗೆ ಬಳಸಿದ ಸೂಜಿಯಿಂದ ಹೆಪಟೈಟಿಸ್ ಬರಬಹುದು. ನೆಗಡಿ ಇದ್ದರೆ ಮುಂದಕ್ಕೆ ಹಾಕಿ. ಇಮಿಟೇಷನ್ ಬೊಟ್ಟು ಬೇಡ, ಅದರಲ್ಲಿ ನಿಕ್ಕಲ್ ಇದ್ದರೆ ಕೆಲವರ ಚರ್ಮಕ್ಕೆ ಒಗ್ಗದು. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ: ಅರಿಶಿನ, ಎಣ್ಣೆ ಹಚ್ಚಬೇಡಿ ಮಾವ.

ಮೊದಲು ತೀರ್ಮಾನವಾಗಬೇಕಿದ್ದದ್ದು ಬಲಕ್ಕೋ ಎಡಕ್ಕೋ ಎಂಬುದು. ಉತ್ತರದ ಕಡೆ ಎಡಗಡೆ ಹೆಚ್ಚು, ನಮ್ಮ ದಕ್ಷಿಣದಲ್ಲಿ ಬಲಗಡೆ ಹೆಚ್ಚು. ನನ್ನ ಅವ್ವನಿಗೆ ಎರಡೂ ಕಡೆ ಇತ್ತು. ಪುಟ್ಟಿಯ ಗೆಳತಿಯರದ್ದು ಎಡ. ಈ ಯೋಚನೆಯಲ್ಲೇ ಅವಳನ್ನು ಚುಂಚನಕಟ್ಟೆಗೆ ಕರೆದುಕೊಂಡು ಹೋದೆ. ಕೆ.ಆರ್. ನಗರದಿಂದ ಸುಮಾರು 15 ಕಿ.ಮೀ. ಮಳೆಗಾಲ ಆಗಷ್ಟೇ ಮುಗಿದಿತ್ತು. ಕಾವೇರಿ ಎರಡು ಕವಲಾಗಿ ಬಂಡೆಯ ಮೇಲಿಂದ ಧುಮುಕುವ ಸದ್ದಿಗೆ ನಮ್ಮ ಮಾತು ನಮಗೇ ಕೇಳಿಸುತ್ತಿರಲಿಲ್ಲ. ಕಾಡಿನ ದಂಪತಿ ಚುಂಚ, ಚುಂಚಿ ಕರೆದದ್ದಕ್ಕೆ ರಾಮ ಅಲ್ಲಿ ತಂಗಿದ್ದ ಎಂದು ಊರವರು ಹೇಳುತ್ತಾರೆ. ಅಲ್ಲಿನ ಕೋದಂಡರಾಮನ ಗುಡಿಯಲ್ಲಿ ಸೀತೆ ಬೇರೆ ಕಡೆಯಂತೆ ಎಡಕ್ಕಲ್ಲ, ರಾಮನ ಬಲಕ್ಕೆ ನಿಂತಿದ್ದಾಳೆ. ಪುಟ್ಟಿ ಕೈಮುಗಿದು ಹೊರಬಂದವಳೇ, "ಬಲಕ್ಕೇ ಇರ್ಲಿ ತಾತ" ಅಂದಳು.

ಹುಣಸೂರಿನ ಬಸ್ಸಿನಲ್ಲಿ ಅವಳೇ ಇನ್ನೊಂದು ವಿಷಯ ತೆಗೆದಳು. ಶಾಲೆಯಿಂದ ಬೇಲೂರಿಗೆ ಪ್ರವಾಸ ಹೋಗಿದ್ದಾಗ ಶಿಲಾಬಾಲಿಕೆಯರನ್ನೆಲ್ಲ ನೋಡಿದಳಂತೆ. ಕಿವಿ, ಕೊರಳು, ಸೊಂಟದ ತುಂಬ ಒಡವೆ. ಮೂಗಿನಲ್ಲಿ ಮಾತ್ರ ಏನೂ ಇಲ್ಲ! ಮಕ್ಕಳೇ, ಅವಳ ಕಣ್ಣು ಚುರುಕೇ. ಆ ದೇವಸ್ಥಾನ 1117ರದ್ದು. ಪುಣೆಯ ಪಿ.ಕೆ. ಗೋಡೆ ಎಂಬ ವಿದ್ವಾಂಸರು ಇದನ್ನೇ ಹುಡುಕುತ್ತ ಹೋಗಿ, ನಮ್ಮ ಪ್ರಾಚೀನ ಶಿಲ್ಪಗಳಲ್ಲಿ, ಹಳೆಯ ಗ್ರಂಥಗಳಲ್ಲಿ ಮೂಗಿನ ಆಭರಣ ಸಿಗುವುದಿಲ್ಲ, ಅದು ತಡವಾಗಿ ಬಂದದ್ದು ಎಂದು ಬರೆದಿದ್ದಾರೆ. ಅನಾದಿ ಕಾಲದಿಂದ ಬಂದದ್ದು ಎಂದು ನಾವು ಅಜ್ಜ, ಅಜ್ಜಿಯರು ಹೇಳುವ ಎಷ್ಟೋ ಸಂಗತಿಗಳಿಗೆ ಅಷ್ಟು ವಯಸ್ಸಾಗಿರುವುದಿಲ್ಲ.

ಲಕ್ಷ್ಮಣತೀರ್ಥ ನದಿ ದಾಟಿ ಹುಣಸೂರಿನ ಪೇಟೆಗೆ ಬಂದೆವು. ಆಚಾರ್ರ ಅಂಗಡಿ ಸಣ್ಣದು. ಹಿಂದೆ ನಮ್ಮ ಬ್ಯಾಂಕಿನಲ್ಲಿ ಒರೆಗಲ್ಲಿಗೆ ಉಜ್ಜಿ ಚಿನ್ನ ನೋಡುತ್ತಿದ್ದವರ ಮಗ. ಅಪ್ಪನ ಕಾಲದಲ್ಲಿ ಚೂಪು ಮಾಡಿದ ಚಿನ್ನದ ತಂತಿಯಿಂದಲೇ ಚುಚ್ಚಿ ಬಳೆಯಂತೆ ಸುತ್ತಿಬಿಡುತ್ತಿದ್ದರಂತೆ. ನಾನು ಸೊಸೆಯ ಚೀಟಿ ಓದಲು ಕನ್ನಡಕ ಹಾಕಿಕೊಂಡರೆ, ಅವರು ನಗುತ್ತ ಡ್ರಾಯರಿನಿಂದ ಸೀಲು ಹಾಕಿದ ಸೂಜಿಯ ಪೊಟ್ಟಣ ತೆಗೆದು ತೋರಿಸಿದರು. ಕೈಗವಸು ಹಾಕಿಕೊಂಡರು, ಸ್ಪಿರಿಟ್ಟಿನಿಂದ ಒರೆಸಿದರು, ಪೆನ್ನಿನಲ್ಲಿ ಚುಕ್ಕಿ ಇಟ್ಟು ಕನ್ನಡಿ ಕೊಟ್ಟರು. ಪುಟ್ಟಿ ಎರಡು ಸಲ ಚುಕ್ಕಿ ಅಳಿಸಿ ಬೇರೆ ಕಡೆ ಇಡಿಸಿದಳು. ಅವರು ಬೇಸರ ಮಾಡಿಕೊಳ್ಳಲಿಲ್ಲ. ಚುಕ್ಕಿ ತಪ್ಪಿದರೆ ಜನ್ಮವಿಡೀ ತಪ್ಪಿದಂತೆ, ನೋಡಿಕೊಳ್ಳಲಿ ಅಂದರು.

"ಉಸಿರು ಬಿಡವ್ವ" ಅಂದರು. ಬಿಡುವಷ್ಟರಲ್ಲಿ ಆಗಿಹೋಗಿತ್ತು. ಪುಟ್ಟಿ ಕೂಗಲಿಲ್ಲ. ಬಲಗಣ್ಣಿನಿಂದ ಮಾತ್ರ ನೀರು ದಳದಳ ಸುರಿಯಿತು. ಅಳುವಲ್ಲ ಅದು, ಮೂಗಿಗೆ ನೋವಾದರೆ ಕಣ್ಣು ತಾನಾಗಿಯೇ ಒದ್ದೆಯಾಗುತ್ತದೆ. ಆಮೇಲೆ ಸಾಲಾಗಿ ನಾಲ್ಕು ಸೀನು. ಒಂದು ಹನಿ ರಕ್ತ. "ಇಷ್ಟೇನಾ?" ಅಂದಳು. ನಾನು ಬೆವರು ಒರೆಸಿಕೊಂಡೆ.

ಇಷ್ಟೇ ಅಲ್ಲ ಎಂಬುದು ಆಮೇಲಿನ ದಿನಗಳಲ್ಲಿ ಗೊತ್ತಾಗುತ್ತದೆ. ಮೊದಲ ಕೆಲವು ದಿನ ಕೆಂಪು, ಸ್ವಲ್ಪ ಊತ. ಮುಖ ಒರೆಸುವಾಗ ಟವೆಲಿನ ದಾರ ಸಿಕ್ಕಿಕೊಳ್ಳುತ್ತದೆ, ಲಂಗದ ರವಿಕೆ ತಲೆಯ ಮೇಲಿಂದ ತೆಗೆಯುವಾಗ ಜೀವ ಹೋಗುತ್ತದೆ. ಹೊರಗೆ ಬೇಗ ಒಣಗಿದಂತೆ ಕಂಡರೂ ಒಳಗೆ ಪೂರ್ತಿ ಮಾಯಲು ಎರಡರಿಂದ ನಾಲ್ಕು ತಿಂಗಳು ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಅಲ್ಲಿಯವರೆಗೆ ಬೊಟ್ಟನ್ನು ತಿರುಗಿಸಬಾರದು, ಬಿಚ್ಚಬಾರದು. ಬಿಚ್ಚಿಟ್ಟರೆ ಹೊಸ ತೂತು ನೋಡನೋಡುತ್ತ ಮುಚ್ಚಿಕೊಳ್ಳುತ್ತದೆ. ಕೈ ತೊಳೆದುಕೊಂಡು, ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ದಿನಕ್ಕೆರಡು ಸಲ ಒರೆಸಿದರೆ ಸಾಕು. ಕೀವು, ಜ್ವರ ಕಂಡರೆ ಡಾಕ್ಟರ ಹತ್ತಿರ ಹೋಗಬೇಕು, ಪಕ್ಕದ ಮನೆಯವರ ಹತ್ತಿರ ಅಲ್ಲ.

ಪಿರಿಯಾಪಟ್ಟಣಕ್ಕೆ ಹೋಗೋಣ, ದೊಡ್ಡಜ್ಜಿಗೆ ತೋರಿಸಬೇಕು ಎಂದು ಹಟ ಹಿಡಿದವಳು ಪುಟ್ಟಿ. ದೊಡ್ಡಜ್ಜಿ ಎಂದರೆ ನನ್ನ ಅಕ್ಕ, 82 ವರ್ಷ. ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟ ದೂರಕ್ಕೆ ಕಾಣುವ ಹಳ್ಳಿ. ದಾರಿಯುದ್ದಕ್ಕೂ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳ ವಾಸನೆ. ನನಗೆ ಅಲ್ಲಿಗೆ ಹೋಗಲು ಅಷ್ಟು ಮನಸ್ಸಿರಲಿಲ್ಲ. ಅದನ್ನು ಹುಡುಗಿಗೆ ಹೇಳುವುದು ಹೇಗೆ?

1981ರಲ್ಲಿ ಭಾವ ತೀರಿಕೊಂಡರು. ಹತ್ತನೆಯ ದಿನ ಹಿರಿಯ ಹೆಂಗಸರು ಅಕ್ಕನನ್ನು ಹಿತ್ತಿಲಲ್ಲಿ ಕೂರಿಸಿದರು. ಬಳೆ ಒಡೆದದ್ದಾಯಿತು, ಕಾಲುಂಗುರ ತೆಗೆದದ್ದಾಯಿತು. ಮೂಗುಬೊಟ್ಟು ಬರಲಿಲ್ಲ. ಮದುವೆಯಲ್ಲಿ ಹಾಕಿದ್ದು, ತಿರುಪು ಹಿಡಿದುಕೊಂಡಿತ್ತು. ಅಕ್ಕ ನೋವಿಗೆ ಮುಖ ತಿರುಗಿಸುತ್ತಿದ್ದಳು. ಯಾರೋ ಕೊಬ್ಬರಿ ಎಣ್ಣೆ ತನ್ನಿ ಅಂದರು. ಊರಿಗೊಬ್ಬ ಬಿ.ಕಾಂ. ಓದಿದವನು, ಪ್ಯಾಂಟು ಹಾಕಿ ಬ್ಯಾಂಕಿಗೆ ಹೋಗುವವನು ನಾನು. ಇರಲಿ ಬಿಡಿ, ಅದೊಂದು ಅವಳ ಮೂಗಿನಲ್ಲೇ ಇರಲಿ ಎಂದು ಹೇಳಬಹುದಿತ್ತು. ನಾನು ಅಡುಗೆಮನೆಗೆ ಹೋಗಿ ಎಣ್ಣೆ ತಂದುಕೊಟ್ಟೆ.

ಅಕ್ಕ ಪುಟ್ಟಿಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. "ಒಳ್ಳೆ ಜಾಗಕ್ಕೆ ಚುಚ್ಚವ್ರೆ ಕಣವ್ವ. ನೋವಾಯ್ತಾ?" ಎಂದಳು. ಪುಟ್ಟಿ ಕೇಳಿಯೇಬಿಟ್ಟಳು: "ದೊಡ್ಡಜ್ಜಿ, ನಿಮ್ಗ್ಯಾಕೆ ಇಲ್ಲ? ತೂತು ಮುಚ್ಚೋಯ್ತಾ?"

"ಎಲ್ಲಿ ಮುಚ್ಚಾದು! ಮುಚ್ಚಕ್ಕೆ ನಾ ಬುಟ್ರೆ ತಾನೆ" ಅಂದಳು ಅಕ್ಕ. ತಿಂಗಳಿಗೊಂದು ಸಲ, ತಲೆಗೆ ನೀರು ಹಾಕಿಕೊಂಡ ದಿನ, ಬೇವಿನ ಕಡ್ಡಿಯನ್ನು ಸಣ್ಣಗೆ ಕೆತ್ತಿ ಮೂಗಿನಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಳ್ಳುತ್ತಿದ್ದಳಂತೆ. ನಲವತ್ತು ವರ್ಷದ ಮೇಲಾಯಿತು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

"ಯಾಕಕ್ಕ?" ಅಂದೆ.

"ಯಾಕೂ ಇಲ್ಲ ಕಣ್ಲಾ. ನನ್ನ ಮೂಗು."

ಒಳಗೆ ಹೋಗಿ ಒಂದು ಸಣ್ಣ ಡಬ್ಬಿ ತಂದಳು. ಹತ್ತಿಯಲ್ಲಿ ಸುತ್ತಿದ ಬಿಳಿ ಹರಳಿನ ಬೊಟ್ಟು. ಪುಟ್ಟಿ ತನ್ನ ಚೀಲದಿಂದ ಸ್ಪಿರಿಟ್ಟು, ಹತ್ತಿ ತೆಗೆದು ಅಮ್ಮನಂತೆಯೇ ಗಂಭೀರವಾಗಿ ಒರೆಸತೊಡಗಿದಳು. "ಹಾಕ್ಕೊಳಿ ದೊಡ್ಡಜ್ಜಿ." ಅಕ್ಕ ನಕ್ಕಳು. ಬೀದಿ ಕಡೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ನೀನೇನಂತೀಯಪ್ಪ?" ಎಂದಳು.

"ಹಾಕ್ಕೊಳಕ್ಕ" ಅಂದೆ. ಗಂಟಲು ಕಟ್ಟಿ ಅಷ್ಟೇ ಬಂತು.

ಬೊಟ್ಟಿನ ಕಡ್ಡಿ ಅರ್ಧ ಹೋಗಿ ನಿಂತಿತು. ಒಂಚೂರು ಎಣ್ಣೆ ಬೇಕು ಅಂದಳು ಅಕ್ಕ. ಪುಟ್ಟಿ ಅಮ್ಮನ ಚೀಟಿ ನೆನಪಿಸಿದಳು. "ಅದು ಹೊಸ ಗಾಯಕ್ಕೆ ಕಣವ್ವ" ಎಂದು ಹೇಳಿ ನಾನೇ ಎದ್ದು ಅಡುಗೆಮನೆಗೆ ಹೋದೆ. ಕೊಬ್ಬರಿ ಎಣ್ಣೆಯ ಬಾಟಲಿ ಒಲೆಯ ಮೇಲಿನ ಗೂಡಿನಲ್ಲೇ ಇತ್ತು.

ತಿರುಪು ಕೂರುವಷ್ಟರಲ್ಲಿ ಕತ್ತಲಾಗಿ, ಕೋಟೆಯ ಕೊನೆಯ ಬಸ್ಸು ತಪ್ಪಿತು. ರಾತ್ರಿ ಅಲ್ಲೇ ಉಳಿದೆವು. ಅಕ್ಕ ರಾಗಿಮುದ್ದೆ, ಅವರೆಕಾಳಿನ ಸಾರು ಮಾಡಿದಳು. ಊಟ ಮಾಡುವಾಗ ಇಬ್ಬರೂ ಮೂಗು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು.